ಬೇರೆ ಬೇರೆ ಇಂಜಿನ್‌ಗಳ ಪಾರ್ಟ್ಸ್ ಸೇರಿಸಿ ಎಂಜಿಬಿ ಇಂಜಿನ್ ಕಟ್ಟುವುದು ಹೇಗೆ

ಎಂಜಿಬಿ ಸ್ಪೋರ್ಟ್ಸ್ ಕಾರಿನ ಇಂಜಿನ್ ಬಿಚ್ಚಿ ಕೂತವರಿಗೆ ಮೊದಲೇ ಒಂದು ಮಾತು. ನಿಮ್ಮ ಮುಂದಿರುವ ಇಂಜಿನ್ ಕಾರ್ಖಾನೆಯಿಂದ ಬಂದ ಹಾಗೇ ಉಳಿದಿರುವ ಸಾಧ್ಯತೆ ತುಂಬಾ ಕಡಿಮೆ. ಈ ಕಾರು 1962ರಿಂದ 1980ರವರೆಗೆ ಇಂಗ್ಲೆಂಡಿನ ಆ್ಯಬಿಂಗ್ಡನ್‌ನಲ್ಲಿ ತಯಾರಾಯಿತು. ಐದು ಲಕ್ಷಕ್ಕೂ ಜಾಸ್ತಿ ಕಾರುಗಳು, ಅದರಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು, ಎಷ್ಟೋ ಕಾರುಗಳು ಮತ್ತೆ ಇಂಗ್ಲೆಂಡಿಗೆ ವಾಪಸ್ ಬಂದವು. ಇಷ್ಟು ವರ್ಷದಲ್ಲಿ ಯಾರೋ ಬ್ಲಾಕ್ (ಸಿಲಿಂಡರ್ ಇರುವ ಇಂಜಿನ್ ಮೈ) ಬದಲಿಸಿದರು, ಯಾರೋ ಅದರ ಮೇಲೆ ಕೂರುವ ಹೆಡ್ ಬದಲಿಸಿದರು, ಇನ್ಯಾರೋ ಮಾರಿಸ್ ಮರೀನಾ ಕಾರಿನ ಇಂಜಿನ್ನನ್ನೇ ತಂದು ಕೂರಿಸಿದರು. ಹೊರಗಿನಿಂದ ನೋಡಿದರೆ ಎಲ್ಲವೂ ಅದೇ 1798 ಸಿಸಿ ಬಿ-ಸೀರೀಸ್, ಬ್ರಿಟಿಷ್ ಮೋಟರ್ ಕಾರ್ಪೊರೇಷನ್ (ಬಿಎಂಸಿ) ಮಾಡಿದ ಇಂಜಿನ್ ಮನೆತನ. ಒಳಗಿನ ಲೆಕ್ಕವೇ ಬೇರೆ.

ಅದಕ್ಕೆ ಹೆದರಬೇಕಿಲ್ಲ. ಸರಿಯಾಗಿ ಅಳತೆ ನೋಡಿ ಕಟ್ಟಿದ ಮಿಶ್ರ ಇಂಜಿನ್, ಅಳೆಯದೆ ಕಟ್ಟಿದ 'ಪಕ್ಕಾ ಒರಿಜಿನಲ್' ಇಂಜಿನ್‌ಗಿಂತ ಎಷ್ಟೋ ಮೇಲು ಅಂತ ನಾನು ನಂಬಿದ್ದೇನೆ. ಆದರೆ ಒಂದು ವಿಷಯ ತಲೆಯಲ್ಲಿರಲಿ. ವರ್ಕ್‌ಶಾಪ್ ಮ್ಯಾನ್ಯುಯಲ್ ಬರೆದವರು ಒಂದೇ ಇಂಜಿನ್‌ನ ಪಾರ್ಟ್ಸ್ ಒಟ್ಟಿಗೆ ಇರುತ್ತವೆ ಅಂತ ನಂಬಿ ಬರೆದಿದ್ದಾರೆ. ನಿಮ್ಮ ಇಂಜಿನ್ ಯಾವ ಕಾರ್ಖಾನೆಯೂ ಕಟ್ಟಿದ್ದಲ್ಲ. ಹಾಗಾಗಿ ಒಂದು ಪಾರ್ಟ್ ತನ್ನಷ್ಟಕ್ಕೆ ತಾನು ಚೆನ್ನಾಗಿದ್ದರೆ ಸಾಲದು, ಪಕ್ಕದ ಪಾರ್ಟಿಗೂ ಅದಕ್ಕೂ ಜಾತಕ ಕೂಡಿ ಬರಬೇಕು. ಕೂಡಿ ಬಂದಿದೆಯಾ ಅಂತ ಹೇಳುವುದು ಮೈಕ್ರೋಮೀಟರ್, ಮಾರಿದವನ ಮಾತಲ್ಲ.

ನಮ್ಮವರಿಗೆ ಈ ಇಂಜಿನ್ ಪೂರ್ತಿ ಹೊಸದೇನಲ್ಲ. ನಮ್ಮ ಹಳೇ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ ಇದೇ ಬಿ-ಸೀರೀಸ್ ಮನೆತನದ್ದು. ಎಂಜಿಬಿಗಿಂತ ಮುಂಚಿನ ಎಂಜಿಎ 1500 ಕಾರಿನಲ್ಲೂ ಅದೇ 1489 ಸಿಸಿ. ಬೆಂಗಳೂರಾಗಲಿ ಹುಬ್ಬಳ್ಳಿಯಾಗಲಿ, ಅಂಬಾಸಿಡರ್ ಕಾಲದ ಮೇಸ್ತ್ರಿ ಯಾರಾದರೂ ಸಿಕ್ಕಿದರೆ ಬಿಡಬೇಡಿ. ರಾಕರ್ (ವಾಲ್ವ್ ಒತ್ತುವ ತೋಳು) ಸೆಟ್ಟಿಂಗ್, ಎಸ್‌ಯು ಕಾರ್ಬ್ಯುರೇಟರ್, ಟ್ಯಾಪೆಟ್ ಸದ್ದು ಎಲ್ಲ ಅವರ ಕಿವಿಗೆ ಗೊತ್ತು. ಆದರೆ ಅಂಬಾಸಿಡರ್ ಕ್ರ್ಯಾಂಕ್ (ಪಿಸ್ಟನ್ ಏರಿಳಿತವನ್ನು ತಿರುಗಾಟ ಮಾಡುವ ಶಾಫ್ಟ್) ತಂದು ಎಂಜಿಬಿಗೆ ಹಾಕೋಣ ಅಂತ ಹೊರಡಬೇಡಿ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, ಎರಡರದ್ದೂ 88.9 ಮಿಮೀ ನಿಜ. ಜರ್ನಲ್ (ಕ್ರ್ಯಾಂಕ್ ಬೇರಿಂಗಿನೊಳಗೆ ತಿರುಗುವ ಭಾಗ) ದಪ್ಪ ಬೇರೆ, ಬೋರ್ (ಸಿಲಿಂಡರ್ ಅಗಲ) ಬೇರೆ. ಅಂಬಾಸಿಡರ್ ಬೋರ್ 73 ಮಿಮೀ, ಎಂಜಿಬಿಯದ್ದು 80.26 ಮಿಮೀ. ಇನ್ನು 'ಅಂಬಾಸಿಡರ್ 1800' ಅಂತ ಯಾರಾದರೂ ಆಸೆ ತೋರಿಸಿದರೆ ನೆನಪಿಡಿ, ಅದರಲ್ಲಿರುವುದು ಇಸುಜು ಇಂಜಿನ್. ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಕೈಯಲ್ಲಿ ಇರುವುದು ಏನು?

ಬ್ಲಾಕಿನ ಬಲಗಡೆ ರಿವೆಟ್ ಹೊಡೆದ ಸಣ್ಣ ತಗಡು ಇರುತ್ತದೆ. 18ಜಿ, 18ಜಿಎ, 18ಜಿಬಿ, ಆಮೇಲೆ 18ಜಿಡಿಯಿಂದ 18ಜಿಕೆ ತನಕ, 1971ರಿಂದ ಈಚೆಗೆ 18ವಿ. ಕೊನೆಯಲ್ಲಿ ಎಚ್ ಇದ್ದರೆ ಹೈ ಕಂಪ್ರೆಷನ್, ಎಲ್ ಇದ್ದರೆ ಲೋ ಕಂಪ್ರೆಷನ್. 48ಜಿ ಅಂತ ಶುರುವಾದರೆ ಅದು ಬದಲಿ ಇಂಜಿನ್, ಬಿಎಂಸಿಯವರೇ ಕೊಡುತ್ತಿದ್ದ ಗೋಲ್ಡ್ ಸೀಲ್. ತಗಡು ಸುಳ್ಳು ಹೇಳಬಹುದು, ಬಿದ್ದೂ ಹೋಗಿರಬಹುದು. ಅದು ಹೇಳುವುದು ಬ್ಲಾಕಿನ ವಿಷಯ ಮಾತ್ರ, ಒಳಗಿನ ಪಿಸ್ಟನ್ ಬಗ್ಗೆ ಏನೂ ಹೇಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಭೇದ ಮೇನ್ ಬೇರಿಂಗ್‌ನದು, ಅಂದರೆ ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹಿಡಿದ ಬೇರಿಂಗ್. 18ಜಿ ಮತ್ತು 18ಜಿಎಗೆ ಮೂರು ಮೇನ್ ಬೇರಿಂಗ್. 1964ರ ಅಕ್ಟೋಬರ್‌ನಲ್ಲಿ ಬಂದ 18ಜಿಬಿಯಿಂದ ಐದು. ಸಂಪು (ಇಂಜಿನ್ ಕೆಳಗಿನ ಎಣ್ಣೆ ತಟ್ಟೆ) ಬಿಚ್ಚಿ ಬೇರಿಂಗ್ ಮೇಲಿನ ಕ್ಯಾಪ್ ಎಣಿಸಿದರೆ ಗೊತ್ತಾಗುತ್ತದೆ. ಐದರದ್ದಕ್ಕೆ ಹಿಂದೆ ಎಣ್ಣೆ ಸೋರದಂತೆ ತಡೆಯುವ ಸರಿಯಾದ ಲಿಪ್ ಸೀಲ್ ಇದೆ, ಮೂರರದ್ದಕ್ಕೆ ಇಲ್ಲ, ಎಣ್ಣೆಯನ್ನು ಸುರುಳಿ ಗೆರೆ ವಾಪಸ್ ತಳ್ಳುತ್ತದೆ ಅಷ್ಟೇ. ಮೂರು ಮೇನ್ ಬೇರಿಂಗ್ ಇಂಜಿನ್ ಹಗುರವಾಗಿ ಏರುತ್ತದೆ ಅಂತ ಪ್ರೀತಿಸುವವರು ಇದ್ದಾರೆ, ಅವರ ಪ್ರೀತಿ ಅವರಿಗಿರಲಿ. ಪಾರ್ಟ್ಸ್ ಬೆರೆಸಿ ಕಟ್ಟುವವರಿಗೆ ನನ್ನ ಸಲಹೆ ಐದು ಮೇನ್ ಬೇರಿಂಗ್ ಬ್ಲಾಕು. ಪಾರ್ಟ್ಸ್ ಸುಲಭವಾಗಿ ಸಿಗುತ್ತವೆ, ಗಟ್ಟಿಯೂ ಹೌದು.

ಮರೀನಾ 1.8 ಮತ್ತು ಶೆರ್ಪಾ ವ್ಯಾನಿನ ಬ್ಲಾಕುಗಳನ್ನೂ ನೋಡಬಹುದು. ಮುಂದಿನ ಪ್ಲೇಟು, ಹಿಂದಿನ ಪ್ಲೇಟು, ಸಂಪು ಎಲ್ಲ ನಿಮ್ಮ ಕಾರಿನದೇ ಹಾಕಬೇಕಾಗುತ್ತದೆ, ಯಾಕಂದ್ರೆ ಎಂಜಿಬಿಯಲ್ಲಿ ಇಂಜಿನ್ ಮೌಂಟಿಂಗ್ ಕೂರುವುದೇ ಮುಂದಿನ ಪ್ಲೇಟಿನ ಮೇಲೆ. ಆಸ್ಟಿನ್ 1800 ಇಂಜಿನ್ ಅಡ್ಡಡ್ಡ ಕೂರುವಂಥದ್ದು. ಅದನ್ನು ಬಿಟ್ಟುಬಿಡಿ.

ಬುಡ ಮೊದಲು

ಯಾವ ಬ್ಲಾಕು, ಯಾವ ಕ್ರ್ಯಾಂಕು ಅಂತ ಮೊದಲು ತೀರ್ಮಾನಿಸಿ. ಉಳಿದದ್ದೆಲ್ಲ ಅದಕ್ಕೆ ಹೊಂದಬೇಕು. ಉಲ್ಟಾ ಹೋಗಬೇಡಿ. ಅಗ್ಗಕ್ಕೆ ಸಿಕ್ಕಿದ ಪಿಸ್ಟನ್ ಸೆಟ್ ಇದೆ ಅಂತ ಅದಕ್ಕೆ ಬ್ಲಾಕ್ ಹುಡುಕುವುದು ದುಡ್ಡು ಕಳೆಯುವ ದಾರಿ.

ಬ್ಲಾಕು ಕೈಗೆ ಬಂದ ತಕ್ಷಣ ಮೇನ್ ಕ್ಯಾಪ್ ನೋಡಿ. ಕ್ಯಾಪ್‌ಗಳನ್ನು ಬ್ಲಾಕಿಗೆ ಬಿಗಿದು ಒಟ್ಟಿಗೇ ಬೋರ್ ಮಾಡಿರುತ್ತಾರೆ, ಹಾಗಾಗಿ ಒಂದು ಬ್ಲಾಕಿನ ಕ್ಯಾಪ್ ಇನ್ನೊಂದಕ್ಕೆ ನಡೆಯುವುದಿಲ್ಲ. ನಾನು ಒಮ್ಮೆ ಕೊಂಡ ಬ್ಲಾಕಿನಲ್ಲಿ ನಡುವಿನ ಕ್ಯಾಪ್ ಬೇರೆ ಇಂಜಿನ್‌ನದು ಇತ್ತು. ಬಣ್ಣ ಒಂದೇ, ಆಕಾರ ಒಂದೇ, ಬೋಲ್ಟ್ ಕೂಡ ಸಲೀಸಾಗಿ ಇಳಿಯಿತು. ನಾಲ್ಕು ಕ್ಯಾಪ್ ಬಿಗಿದಾಗ ಕ್ರ್ಯಾಂಕ್ ಎರಡು ಬೆರಳಲ್ಲಿ ತಿರುಗುತ್ತಿತ್ತು, ಐದನೆಯದು ಬಿಗಿದ ಕೂಡಲೇ ಹಿಡಿದುಕೊಂಡಿತು. ಇಂಥದ್ದು ಸಿಕ್ಕಿದರೆ ಲೈನ್ ಬೋರಿಂಗ್ (ಎಲ್ಲ ಬೇರಿಂಗ್ ತೂತನ್ನೂ ಒಂದೇ ಗೆರೆಯಲ್ಲಿ ಮತ್ತೆ ಕೊರೆಸುವುದು) ಒಂದೇ ಮದ್ದು, ಅದು ಅಗ್ಗದ ಕೆಲಸವಲ್ಲ. ಆದ್ದರಿಂದ ಬೋರ್ ಮಾಡಿಸಲು ಕೊಡುವ ಮುಂಚೆಯೇ ಬೇರಿಂಗ್ ಇಲ್ಲದೆ ಕ್ಯಾಪ್ ಬಿಗಿದು, ಬೇರಿಂಗ್ ಕೂರುವ ಪ್ರತಿ ತೂತಿನ ಒಳ ಅಳತೆ ಮೂರು ದಿಕ್ಕಿನಲ್ಲಿ ತೆಗೆಯಿರಿ.

ಕ್ರ್ಯಾಂಕ್ ವಿಷಯಕ್ಕೆ ಬಂದರೆ, ಐದು ಬೇರಿಂಗ್ ಇಂಜಿನ್‌ನ ಮೇನ್ ಜರ್ನಲ್ ಹೊಸದಿದ್ದಾಗ 2.1262ರಿಂದ 2.127 ಇಂಚು, ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ದೊಡ್ಡ ತುದಿ) ಜರ್ನಲ್ 1.8759ರಿಂದ 1.8764 ಇಂಚು. ನಿಮ್ಮದು ಎಷ್ಟು ಸಲ ಗ್ರೈಂಡ್ ಆಗಿದೆಯೋ ಯಾರಿಗೆ ಗೊತ್ತು. ಬೇರಿಂಗ್ ಹಿಂಭಾಗದಲ್ಲಿ 010, 020 ಅಂತ ಬರೆದಿರುತ್ತದೆ, ಅಂದರೆ 10 ಥೌ, 20 ಥೌ ಅಂಡರ್‌ಸೈಜ್, ಮೂಲ ದಪ್ಪಕ್ಕಿಂತ ಅಷ್ಟು ಕಡಿಮೆ. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು, ಸುಮಾರು 0.025 ಮಿಮೀ. ಮೇನ್ 10 ಥೌ, ಬಿಗ್ ಎಂಡ್ 20 ಥೌ ಇರುವ ಕ್ರ್ಯಾಂಕ್ ಸಿಗುವುದು ಮಾಮೂಲು, ಅದರಲ್ಲಿ ತಪ್ಪಿಲ್ಲ. ಆದರೆ ಒಂದೇ ಕ್ರ್ಯಾಂಕಿನ ನಾಲ್ಕು ಬಿಗ್ ಎಂಡ್ ನಾಲ್ಕು ತರ ಇದ್ದರೆ ಮತ್ತೆ ಗ್ರೈಂಡ್ ಮಾಡಿಸಲೇಬೇಕು. ಗ್ರೈಂಡಿಂಗ್ ಮಾಡುವವರಿಗೆ ಜರ್ನಲ್ ಮೂಲೆಯ ದುಂಡು ಹಾಗೇ ಉಳಿಸಿ ಅಂತ ಬಾಯಿಬಿಟ್ಟು ಹೇಳಿ. ಅದನ್ನು ಚೂಪಾಗಿ ಕೊರೆದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಮೊದಲು ಬಿರುಕಿನ ಪರೀಕ್ಷೆ, ಆಮೇಲೆ ಗ್ರೈಂಡಿಂಗ್. ಬಿರುಕು ಬಿಟ್ಟ ಕ್ರ್ಯಾಂಕಿಗೆ ಪಾಲಿಶ್ ಹಾಕಿಸಿ ಏನು ಪ್ರಯೋಜನ?

ಕ್ಲಿಯರೆನ್ಸ್ (ಜರ್ನಲ್‌ಗೂ ಬೇರಿಂಗ್‌ಗೂ ನಡುವಿನ ಸಂದು) ಮೇನ್‌ಗೂ ಬಿಗ್ ಎಂಡ್‌ಗೂ 1ರಿಂದ 2.7 ಥೌ. ಕ್ರ್ಯಾಂಕಿನ ಹಿಂದೆ ಮುಂದೆ ಆಟ 4ರಿಂದ 5 ಥೌ, ಅದನ್ನು ನಡುವಿನ ಮೇನ್ ಪಕ್ಕದ ಥ್ರಸ್ಟ್ ವಾಷರ್ ನಿರ್ಧರಿಸುತ್ತದೆ. ಬ್ಲಾಕು ಒಂದು ಕಡೆಯದು, ಕ್ರ್ಯಾಂಕು ಇನ್ನೊಂದು ಕಡೆಯದು ಅಂದಾಗ ಈ ಅಳತೆ ತಪ್ಪುವುದು ತೀರಾ ಸಾಮಾನ್ಯ. ಓವರ್‌ಸೈಜ್ ವಾಷರ್ ಸಿಗುತ್ತದೆ, ಹಾಕಿ ಮತ್ತೆ ಅಳೆಯಿರಿ.

ಕ್ರ್ಯಾಂಕಿನ ಹಿಂದೆ ಇರುವುದೆಲ್ಲ ಒಂದೇ ಗುಂಪು ಅಂತ ಇಟ್ಟುಕೊಳ್ಳಿ: ಫ್ಲೈವೀಲು, ಸ್ಪಿಗಟ್ ಬುಷ್, ಬ್ಯಾಕ್ ಪ್ಲೇಟ್, ಸ್ಟಾರ್ಟರ್, ಗೇರ್‌ಬಾಕ್ಸ್. 1967ರ ತನಕದ್ದು ಬೇರೆ, 1968ರ ಮಾದರಿಯಿಂದ ನಾಲ್ಕೂ ಗೇರಿಗೆ ಸಿಂಕ್ರೋ (ಗೇರ್ ಸಲೀಸಾಗಿ ಬೀಳಿಸುವ ಭಾಗ) ಬಂದ ಮೇಲಿನದು ಬೇರೆ. ಸ್ಟಾರ್ಟರ್ ಕೂಡ ಆಗಲೇ ಪ್ರಿ-ಎಂಗೇಜ್ಡ್ (ಹಲ್ಲು ಕೂಡಿದ ಮೇಲೆ ತಿರುಗುವ ಬಗೆ) ಆಯಿತು, ಅದರ ಜೊತೆ ರಿಂಗ್ ಗೇರ್ ಕೂಡ ಬದಲಾಯಿತು. ಕಾರಿನಲ್ಲಿ ಈಗ ಯಾವ ಗೇರ್‌ಬಾಕ್ಸ್ ಇದೆಯೋ ಅದಕ್ಕೆ ಹೊಂದುವ ಗುಂಪನ್ನೇ ಪೂರ್ತಿಯಾಗಿ ತಗೊಳ್ಳಿ. ಅರ್ಧ ಅದು ಅರ್ಧ ಇದು ಅಂತ ಮಾಡಿದರೆ ಇಂಜಿನ್ ಕಾರಿನೊಳಗೆ ಇಳಿಸಿದ ಮೇಲೆ ಗೊತ್ತಾಗುತ್ತದೆ, ಆಗ ಮತ್ತೆ ಎತ್ತಬೇಕು.

ಕನೆಕ್ಟಿಂಗ್ ರಾಡು, ಪಿಸ್ಟನ್ನು

ರಾಡುಗಳಲ್ಲಿ ಮೂರು ಬಗೆ. 18ಜಿ, 18ಜಿಎ ರಾಡಿನಲ್ಲಿ ಗಜನ್ ಪಿನ್ನನ್ನು (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್) ಬೋಲ್ಟ್ ಹಿಂಡಿ ಹಿಡಿಯುತ್ತದೆ, ಪಿನ್ ದಪ್ಪ ಮುಕ್ಕಾಲು ಇಂಚು. 18ಜಿಬಿಯಿಂದ ಬುಷ್ ಹಾಕಿದ ರಾಡು, ಪಿನ್ ಫ್ರೀಯಾಗಿ ತಿರುಗುತ್ತದೆ, ದಪ್ಪ 13/16 ಇಂಚು. ಇವೆರಡರ ಬಿಗ್ ಎಂಡ್ ಕ್ಯಾಪ್ ಓರೆಯಾಗಿ ಕತ್ತರಿಸಿರುತ್ತದೆ. ಆಮೇಲಿನ ರಾಡುಗಳ ಕ್ಯಾಪ್ ನೇರ ಕತ್ತರಿಸಿದ್ದು, ಪಿನ್ನನ್ನು ಪ್ರೆಸ್ ಹಾಕಿ ಕೂರಿಸಬೇಕು. ಉದ್ದ ಎಲ್ಲದರದ್ದೂ ಆರೂವರೆ ಇಂಚು. ಹಾಗಾಗಿ ಐದು ಬೇರಿಂಗ್ ಕ್ರ್ಯಾಂಕಿಗೆ ಹೊಸ ಬಗೆಯ ರಾಡು ಹಾಕಬಹುದು. ಆದರೆ ನಾಲ್ಕೂ ಒಂದೇ ಬಗೆ ಇರಬೇಕು, ಪಿಸ್ಟನ್ನೂ ಆ ಪಿನ್ನಿಗೆ ಮಾಡಿದ್ದೇ ಆಗಿರಬೇಕು. ಬುಷ್ ರಾಡಿನ ಪಿಸ್ಟನ್ನಿಗೆ ಸರ್ಕ್ಲಿಪ್ (ಪಿನ್ ಹೊರಬರದಂತೆ ತಡೆಯುವ ಸ್ಪ್ರಿಂಗ್ ಉಂಗುರ) ಕೂರುವ ಗೀರು ಇರುತ್ತದೆ, ಪ್ರೆಸ್ ಬಗೆಯದ್ದಕ್ಕೆ ಇರಬೇಕೆಂದಿಲ್ಲ. ಸರ್ಕ್ಲಿಪ್ ಇಲ್ಲದ ಪಿಸ್ಟನ್ನನ್ನು ಫ್ರೀ ಪಿನ್ ರಾಡಿಗೆ ಹಾಕಿದರೆ ಪಿನ್ ಮೆಲ್ಲಗೆ ಹೊರಗೆ ಬಂದು ಬೋರ್ ಗೋಡೆ ಕೆತ್ತುತ್ತದೆ. ಬ್ಲಾಕ್ ಹೋಯಿತು ಅಂತಲೇ ಲೆಕ್ಕ.

ಬೇರೆ ಬೇರೆ ಇಂಜಿನ್‌ನಿಂದ ಬಂದ ರಾಡುಗಳ ತೂಕ ಒಂದೇ ಇರುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ಇಡೀ ರಾಡು ತೂಗಿ. ಆಮೇಲೆ ಸಣ್ಣ ತುದಿಯನ್ನು ದಾರದಲ್ಲಿ ನೇತುಹಾಕಿ, ದೊಡ್ಡ ತುದಿ ಮಾತ್ರ ತಕ್ಕಡಿ ಮೇಲೆ ಬರುವ ಹಾಗೆ ಮಾಡಿ ತೂಗಿ. ಎಲ್ಲಕ್ಕಿಂತ ಹಗುರವಾದದ್ದಕ್ಕೆ ಉಳಿದ ಮೂರನ್ನೂ ಸರಿಮಾಡಿಸಿ. ಪಿಸ್ಟನ್ನುಗಳಿಗೂ ಇದೇ ಮಾತು. ಕ್ರ್ಯಾಂಕು, ಫ್ಲೈವೀಲು, ಮುಂದಿನ ಪುಲ್ಲಿ, ಕ್ಲಚ್ ಕವರ್ ಮೂರು ಕಡೆಯಿಂದ ಬಂದಿದ್ದರೆ ಒಟ್ಟಿಗೆ ಬ್ಯಾಲೆನ್ಸ್ ಮಾಡಿಸಿ. ಈ ಖರ್ಚು ಉಳಿಸಲು ನೋಡಬೇಡಿ. ಹೊಳೆಯುವ ರಾಕರ್ ಕವರಿಗೆ ದುಡ್ಡು ಹಾಕುವವರು ಬ್ಯಾಲೆನ್ಸಿಂಗ್ ಬೇಡ ಅನ್ನುವುದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಬೋರ್ ಮಾಡಿಸುವಾಗ ಪಿಸ್ಟನ್ ಕೈಯಲ್ಲಿರಬೇಕು. ಪ್ಲಸ್ 40 (ಮೂಲ ಬೋರಿಗಿಂತ 40 ಥೌ ದೊಡ್ಡದು) ಅಂತ ಡಬ್ಬಿಯ ಮೇಲೆ ಬರೆದಿದ್ದನ್ನು ಫೋನಿನಲ್ಲಿ ಹೇಳಿದರೆ ಆಗುವುದಿಲ್ಲ. ಕಂಪನಿಯಿಂದ ಕಂಪನಿಗೆ ಸ್ಕರ್ಟ್ ಅಳತೆಯೂ ಬೇರೆ, ಕೇಳುವ ಕ್ಲಿಯರೆನ್ಸೂ ಬೇರೆ. ಪ್ಲಸ್ 40ಕ್ಕೆ ಇಂಜಿನ್ ಸುಮಾರು 1845 ಸಿಸಿ ಆಗುತ್ತದೆ, ಪ್ಲಸ್ 60ಕ್ಕೆ ಸುಮಾರು 1868. ರಿಂಗ್ ಗ್ಯಾಪನ್ನು ಆಯಾ ಬೋರಿನೊಳಗೇ ಇಟ್ಟು ನೋಡಿ. ಬೋರಿನ ಪ್ರತಿ ಇಂಚಿಗೆ 4 ಥೌ ಅಂತ ಹಿಡಿದರೆ ಇಲ್ಲಿ 12-13 ಥೌ ಬರುತ್ತದೆ.

ಕಂಪ್ರೆಷನ್ ಲೆಕ್ಕ

ಮಿಶ್ರ ಇಂಜಿನ್‌ಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಂಪ್ರೆಷನ್ ಅಂದರೆ ಸಿಲಿಂಡರ್‌ನ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಅಂತ. ಕಾರ್ಖಾನೆ ಹೈ ಕಂಪ್ರೆಷನ್ ಇಂಜಿನ್‌ಗೆ 8.8, ಆಮೇಲೆ 9.0 ಅಂತ ಕೊಟ್ಟಿತ್ತು. ಲೋ ಕಂಪ್ರೆಷನ್‌ಗೆ 8.0. ಈ ಭೇದ ಮುಖ್ಯವಾಗಿ ಪಿಸ್ಟನ್ ತಲೆಯ ಗುಂಡಿಯಿಂದ ಬರುತ್ತದೆ. ಇದರ ಜೊತೆಗೆ ಹೆಡ್ ಚೇಂಬರ್ (ಪೆಟ್ರೋಲ್ ಉರಿಯುವ ಗುಳಿ) ಕೂಡ ಬದಲಾಗಿದೆ. ಮೊದಲಿನ ಹೆಡ್‌ಗಳಲ್ಲಿ ಸುಮಾರು 43 ಸಿಸಿ, ಆಮೇಲಿನವುಗಳಲ್ಲಿ ಸುಮಾರು 39 ಸಿಸಿ. ಅದೂ ಹೊಸದಿದ್ದಾಗ. ಪ್ರತಿ ಸಲ ಹೆಡ್ ಫೇಸಿಂಗ್ (ತಳ ಸಪಾಟಾಗಿ ಕೆರೆಸುವುದು) ಮಾಡಿಸಿದಾಗ ಇನ್ನಷ್ಟು ಕಡಿಮೆಯಾಗುತ್ತಾ ಹೋಗಿರುತ್ತದೆ.

ಅಳೆಯುವುದು ಕಷ್ಟವಲ್ಲ. ಹೆಡ್ಡನ್ನು ಬೆಂಚಿನ ಮೇಲೆ ಮಗುಚಿಡಿ. ಸ್ಪಾರ್ಕ್ ಪ್ಲಗ್ ಹಾಕಿರಲಿ, ವಾಲ್ವ್ ಸೀಟಿಗೆ ತೆಳುವಾಗಿ ಗ್ರೀಸ್ ಹಚ್ಚಿ ವಾಲ್ವ್ ಮುಚ್ಚಿರಲಿ. ಒಂದು ಪರ್ಸ್‌ಪೆಕ್ಸ್ (ಪಾರದರ್ಶಕ ಪ್ಲಾಸ್ಟಿಕ್) ತುಂಡಿಗೆ ಸಣ್ಣ ತೂತು ಕೊರೆದು, ಚೇಂಬರ್ ಅಂಚಿಗೆ ಗ್ರೀಸ್ ಸವರಿ ಅದನ್ನು ಒತ್ತಿ ಕೂರಿಸಿ. ತೂತು ಮೇಲ್ಭಾಗಕ್ಕೆ ಬರುವ ಹಾಗೆ ಹೆಡ್ಡನ್ನು ಸ್ವಲ್ಪ ಓರೆ ಮಾಡಿ. ಬ್ಯುರೆಟ್‌ನಿಂದ (ಅಳತೆ ಗೆರೆ ಇರುವ ಗಾಜಿನ ಕೊಳವೆ) ಬಣ್ಣ ಹಾಕಿದ ಸೀಮೆಎಣ್ಣೆ ಬಿಡುತ್ತಾ ಹೋಗಿ. ಕೊನೆಯ ಗಾಳಿಗುಳ್ಳೆ ತೂತಿನಿಂದ ಹೊರಗೆ ಹೋದಾಗ ನಿಲ್ಲಿಸಿ, ಬ್ಯುರೆಟ್ ಓದಿ. ನಾಲ್ಕೂ ಚೇಂಬರ್ ಮಾಡಿ. ಅರ್ಧ ಸಿಸಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಚಿಕ್ಕ ಚೇಂಬರ್‌ಗಳನ್ನು ಉಜ್ಜಿ ದೊಡ್ಡದಕ್ಕೆ ಸರಿಮಾಡಿ.

ಪಿಸ್ಟನ್ ಗುಂಡಿಗೂ ಇದೇ ಉಪಾಯ. ಪಿಸ್ಟನ್ನನ್ನು ಬ್ಲಾಕ್ ಮೇಲ್ಮೈಗಿಂತ ಸರಿಯಾಗಿ 10 ಮಿಮೀ ಕೆಳಗೆ ನಿಲ್ಲಿಸಿ, ಅಂಚಿಗೆ ಗ್ರೀಸ್ ತುಂಬಿ, ಪರ್ಸ್‌ಪೆಕ್ಸ್ ಮುಚ್ಚಿ ಸೀಮೆಎಣ್ಣೆ ಬಿಡಿ. ಪ್ಲಸ್ 40 ಬೋರಿನಲ್ಲಿ ತಲೆ ಸಪಾಟಾಗಿದ್ದರೆ 51.9 ಸಿಸಿ ಹಿಡಿಯಬೇಕು. 58.4 ಹಿಡಿದರೆ ಗುಂಡಿ 6.5 ಸಿಸಿ. ಬೋರಿನ ಮೇಲಂಚಿನಲ್ಲಿ ಎಕ್ಸಾಸ್ಟ್ ವಾಲ್ವಿಗೆ ಕೆತ್ತಿದ ಜಾಗ ಇದ್ದರೆ ಅದೂ ಈ ಅಳತೆಯೊಳಗೇ ಬಂತು.

ಈಗ ಲೆಕ್ಕ ಮಾಡಿ. ಪ್ಲಸ್ 40ರ ಒಂದು ಸಿಲಿಂಡರ್ 461.3 ಸಿಸಿ. ಚೇಂಬರ್ 39, ಗುಂಡಿ 6.5, ಪಿಸ್ಟನ್ ಮೇಲೆ ಬಂದಾಗ ಅರ್ಧ ಮಿಮೀ ಕೆಳಗೆ ನಿಲ್ಲುತ್ತದೆ ಅಂದರೆ 2.6, ಒತ್ತಿದ ಗ್ಯಾಸ್ಕೆಟ್ 4 ಅಂತ ಇಟ್ಟುಕೊಳ್ಳೋಣ. ಒಟ್ಟು 52.1. 461.3ಕ್ಕೆ 52.1 ಕೂಡಿಸಿ 52.1ರಿಂದ ಭಾಗಿಸಿದರೆ 9.85. ಅದೇ ಬ್ಲಾಕಿಗೆ 43 ಸಿಸಿ ಹೆಡ್ ಹಾಕಿದರೆ 9.22. 39ರ ಹೆಡ್ಡೇ ಇಟ್ಟು 16 ಸಿಸಿ ಗುಂಡಿಯ ಪಿಸ್ಟನ್ ಹಾಕಿದರೆ 8.49. ನೋಡಿದ್ರಾ? ಹೆಡ್ಡು ಚೆನ್ನಾಗಿದೆ, ಪಿಸ್ಟನ್ನೂ ಹೊಸದು, ಆದರೂ ಒಂದು ಜೋಡಿ ಏರಿನಲ್ಲಿ ಕಟಕಟ ಅಂತ ಪಿಂಗ್ ಮಾಡುತ್ತದೆ, ಇನ್ನೊಂದು ಜೋಡಿ ಸುಮ್ನೆ ಪೆಟ್ರೋಲ್ ಕುಡಿಯುತ್ತದೆ. ರಸ್ತೆ ಕಾರಿಗೆ, ಅದೂ ಈ ಕಬ್ಬಿಣದ ಹೆಡ್ಡಿಗೆ, 9ರಿಂದ 9.5 ಸಾಕು. ಅದಕ್ಕಿಂತ ಜಾಸ್ತಿ ಆಸೆಪಟ್ಟರೆ ಬಿಸಿಲಲ್ಲಿ ಟ್ರಾಫಿಕ್ಕಿನಲ್ಲಿ ಅನುಭವಿಸಬೇಕಾಗುತ್ತದೆ.

ಹೆಡ್ಡು

ಎರಕದ ನಂಬರ್ ಹೆಡ್ ಮೇಲೆ, ರಾಕರ್ ಕವರ್ ತೆಗೆದರೆ ಕಾಣುತ್ತದೆ. ಮೊದಲಿನದು 12ಎಚ್ 906. ತುಂಬಾ ಜನ ಹುಡುಕುವುದು 12ಎಚ್ 2923, ಅದರಲ್ಲಿ ಇನ್‌ಲೆಟ್ ವಾಲ್ವ್ 1.625 ಇಂಚು, ಮಾಮೂಲಿನದಕ್ಕಿಂತ ದೊಡ್ಡದು. ಆದರೆ ದೊಡ್ಡ ವಾಲ್ವ್ ಬಂದಷ್ಟೂ ಸೀಟುಗಳ ನಡುವಿನ ಗೋಡೆ ತೆಳುವಾಗುತ್ತದೆ, ಅಲ್ಲಿ ಬಿರುಕು ಬರುತ್ತದೆ. ಪ್ರೆಷರ್ ಟೆಸ್ಟ್ ಮಾಡಿಸದೆ ಯಾವ ಹೆಡ್ಡನ್ನೂ ಕೊಳ್ಳಬೇಡಿ. 2 ಮತ್ತು 3ನೇ ಸಿಲಿಂಡರ್‌ಗೆ ಎಕ್ಸಾಸ್ಟ್ ದಾರಿ ಒಂದೇ, ಹಾಗಾಗಿ ನಡುವೆ ಶಾಖ ಜಾಸ್ತಿ. ಅಲ್ಲಿ ಕಣ್ಣಿಟ್ಟು ನೋಡಿ. ಸೀಸ ಇಲ್ಲದ ಪೆಟ್ರೋಲಿಗೆ ಗಟ್ಟಿ ಎಕ್ಸಾಸ್ಟ್ ಸೀಟು ಹಾಕಿಸಿ. ನಮ್ಮಲ್ಲಿ ಈಗ ಇ20 ಪೆಟ್ರೋಲ್, ಆದ್ದರಿಂದ ಹಳೇ ರಬ್ಬರ್ ಪೈಪು, ಕಾರ್ಬ್ಯುರೇಟರ್ ಸೀಲ್ ಎಲ್ಲ ಎಥನಾಲ್ ತಡೆಯುವಂಥದ್ದೇ ಇರಲಿ.

ವಾಲ್ವ್ ಸ್ಪ್ರಿಂಗ್ ಕೆಲವು ಹೆಡ್ಡಿನಲ್ಲಿ ಜೋಡಿ, ಕೆಲವದರಲ್ಲಿ ಒಂಟಿ. ಮೇಲಿನ ಕ್ಯಾಪ್, ಕೆಳಗಿನ ಸೀಟು ಅದದಕ್ಕೆ ಹೊಂದಬೇಕು. ಹೆಡ್ ಜಾಸ್ತಿ ಫೇಸಿಂಗ್ ಆಗಿದ್ದರೆ ರಾಕರ್ ಕೋನ ಕೆಡುತ್ತದೆ, ರಾಕರ್ ಸ್ತಂಭದ ಕೆಳಗೆ ಶಿಮ್ (ತೆಳು ತಗಡು) ಕೊಟ್ಟು ಸರಿಪಡಿಸಿ.

ಕ್ಯಾಮ್, ಟ್ಯಾಪೆಟ್, ಚೈನು

ಕ್ಯಾಮ್ ತಿರುಗಿ ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಷ್‌ರಾಡ್ ಮೂಲಕ ರಾಕರ್ ತಳ್ಳಿ ವಾಲ್ವ್ ತೆರೆಯುತ್ತದೆ. ಒಂದು ಕ್ಯಾಮಿನ ಮೇಲೆ ಓಡಿದ ಟ್ಯಾಪೆಟ್ಟನ್ನು ಇನ್ನೊಂದು ಕ್ಯಾಮಿನ ಮೇಲೆ ಹಾಕಲೇಬೇಡಿ. ಹಳೇ ಕ್ಯಾಮ್ ಇಟ್ಟುಕೊಂಡರೆ ಅದರದೇ ಟ್ಯಾಪೆಟ್, ಅದರದೇ ಜಾಗದಲ್ಲಿ. ಹೊಸ ಕ್ಯಾಮ್ ಆದರೆ ಎಂಟೂ ಹೊಸ ಟ್ಯಾಪೆಟ್. ಹೊಸ ಟ್ಯಾಪೆಟ್ಟಿನ ಮುಖ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ಎರಡನ್ನು ಮುಖಕ್ಕೆ ಮುಖ ಇಟ್ಟು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಬೆಳಕು ತೂರುತ್ತದೆ, ಸ್ವಲ್ಪ ಅಲ್ಲಾಡುತ್ತದೆ. ಅಲ್ಲಾಡದಿದ್ದರೆ ಸವೆದಿದೆ ಅಂತ ಅರ್ಥ.

18ವಿಯಲ್ಲಿ ಟ್ಯಾಪೆಟ್ ಗಿಡ್ಡ, ಪುಷ್‌ರಾಡ್ ಉದ್ದ. ಅದಕ್ಕೆ ಮುಂಚೆ ಟ್ಯಾಪೆಟ್ ಉದ್ದ, ಪುಷ್‌ರಾಡ್ ಗಿಡ್ಡ. ಎರಡನ್ನೂ ಒಂದೇ ಕಾಲದ್ದು ಹಾಕಿದರೆ ಸರಿಹೋಗುತ್ತದೆ.

ಟೈಮಿಂಗ್ ಚೈನ್ ಮೊದಲು ಎರಡು ಸಾಲಿನದು, ಕೊನೆಯ ವರ್ಷಗಳಲ್ಲಿ ಒಂದೇ ಸಾಲು. ಎರಡು ಸಾಲಿನದಕ್ಕೆ ಬದಲಿಸುವುದು ಒಳ್ಳೆಯ ಕೆಲಸ. ಎರಡೂ ಸ್ಪ್ರಾಕೆಟ್ಟು, ಚೈನು, ಟೆನ್ಷನರ್ ಒಟ್ಟಿಗೆ ಬದಲಿಸಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಒಂಟಿ ಸಾಲಿನ ಇಂಜಿನ್‌ನಲ್ಲಿ ಮುಂದಿನ ಪ್ಲೇಟನ್ನು ಹಿಡಿದ ಎರಡು ಬೋಲ್ಟಿನ ತಲೆ ಚೈನಿನ ಹಿಂದೆಯೇ ಬರುತ್ತದೆ. ಅಗಲ ಚೈನು ಹಾಕಿದರೆ ಅದು ಆ ತಲೆಗೆ ತಾಗುತ್ತದೆ. ಪ್ಲೇಟಿನ ತೂತನ್ನು ಕೌಂಟರ್‌ಸಿಂಕ್ ಮಾಡಿ, ತಲೆ ಪ್ಲೇಟಿನೊಳಗೇ ಮುಳುಗುವ ಸ್ಕ್ರೂ ಹಾಕಬೇಕು, ಜೊತೆಗೆ ಥ್ರೆಡ್‌ಲಾಕ್ ಅಂಟು. ಆಮೇಲೆ ಎರಡೂ ಸ್ಪ್ರಾಕೆಟ್ಟಿನ ಮುಖಕ್ಕೆ ಸ್ಟೀಲ್ ಪಟ್ಟಿ ಅಡ್ಡ ಹಿಡಿದು, ಒಂದೇ ಗೆರೆಯಲ್ಲಿದೆಯಾ ನೋಡಿ. ಇಲ್ಲದಿದ್ದರೆ ಕ್ರ್ಯಾಂಕ್ ಸ್ಪ್ರಾಕೆಟ್ಟಿನ ಹಿಂದೆ ಶಿಮ್ ಹಾಕಿ.

ಇಗ್ನಿಷನ್ ಟೈಮಿಂಗ್ ಗುರುತನ್ನು ನಂಬಬೇಡಿ. ಮೊದಲಿನ ಟೈಮಿಂಗ್ ಕವರಿನಲ್ಲಿ ಮುಳ್ಳು ಕೆಳಗಿತ್ತು, ಆಮೇಲೆ ಮೇಲೆ ಬಂತು, ಪುಲ್ಲಿಯ ಗೀಟೂ ಅದಕ್ಕೆ ತಕ್ಕ ಹಾಗೆ ಬದಲಾಯಿತು. ಒಂದು ಕಾಲದ ಕವರಿಗೆ ಇನ್ನೊಂದು ಕಾಲದ ಪುಲ್ಲಿ ಹಾಕಿದರೆ ಗುರುತು ಎಲ್ಲೋ ತೋರಿಸುತ್ತದೆ, ಮಾಲೀಕರು ತಿಂಗಳುಗಟ್ಟಲೆ ಕಾರ್ಬ್ಯುರೇಟರ್ ತಿರುಗಿಸುತ್ತಾ ಕೂರುತ್ತಾರೆ. ಹೆಡ್ ಹಾಕುವ ಮುಂಚೆಯೇ ಪಿಸ್ಟನ್ ಸ್ಟಾಪ್ ಮತ್ತು ಡಿಗ್ರಿ ಚಕ್ರ ಹಿಡಿದು 1ನೇ ಸಿಲಿಂಡರ್‌ನ ನಿಜವಾದ ಟಿಡಿಸಿ (ಪಿಸ್ಟನ್ ತೀರಾ ಮೇಲಿರುವ ಜಾಗ) ಹುಡುಕಿ, ಪುಲ್ಲಿಯ ಮೇಲೆ ನೀವೇ ಗೀಟು ಹಾಕಿ. ಅದೇ ಚಕ್ರದಲ್ಲಿ ಕ್ಯಾಮ್ ಕೂಡ ನೋಡಿ. ಮಾಮೂಲು ಕ್ಯಾಮಿಗೆ ಇನ್‌ಲೆಟ್ ವಾಲ್ವ್ ಟಿಡಿಸಿಗೆ 16 ಡಿಗ್ರಿ ಮುಂಚೆ ತೆರೆದು, ಬಿ.ಡಿ.ಸಿ. (ಪಿಸ್ಟನ್ ತೀರಾ ಕೆಳಗಿರುವ ಜಾಗ) ದಾಟಿ 56 ಡಿಗ್ರಿಗೆ ಮುಚ್ಚುತ್ತದೆ. ಅಂದರೆ ಪೂರ್ತಿ ತೆರೆಯುವುದು ಟಿಡಿಸಿ ದಾಟಿ 110 ಡಿಗ್ರಿಯಲ್ಲಿ. ನಿಮ್ಮದು ನಾಲ್ಕೈದು ಡಿಗ್ರಿ ತಪ್ಪಿದ್ದರೆ ಆಫ್‌ಸೆಟ್ ಕೀ ಹಾಕಿ ಸರಿಮಾಡಬಹುದು.

ಒಮ್ಮೆ ಸುಮ್ನೆ ಜೋಡಿಸಿ ನೋಡಿ

ಸೀಲಂಟ್ ಇಲ್ಲ, ರಿಂಗ್ ಇಲ್ಲ, ಹಳೇ ಗ್ಯಾಸ್ಕೆಟ್. ಇಡೀ ಇಂಜಿನ್ನನ್ನು ಒಮ್ಮೆ ಹೀಗೆ ಜೋಡಿಸಿ. ಪಿಸ್ಟನ್ ತಲೆಯ ಮೇಲೆ ಮತ್ತು ಬ್ಲಾಕಿನ ಎಕ್ಸಾಸ್ಟ್ ಜಾಗದಲ್ಲಿ ಮಕ್ಕಳ ಜೇಡಿಮಣ್ಣು ಅಂಟಿಸಿ, ಹೆಡ್ ಬಿಗಿದು, ಟ್ಯಾಪೆಟ್ ಸೆಟ್ ಮಾಡಿ, ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಬಿಚ್ಚಿ ಮಣ್ಣನ್ನು ಕತ್ತರಿಸಿ ನೋಡಿ, ತೀರಾ ತೆಳುವಾದ ಕಡೆ ಒಂದೂವರೆ ಮಿಮೀ ಆದರೂ ಉಳಿದಿರಬೇಕು. ಡಿಪ್‌ಸ್ಟಿಕ್ ಕೂಡ ಈಗಲೇ ನೋಡಿ. ಸಂಪು ಒಂದರದು, ಡಿಪ್‌ಸ್ಟಿಕ್ ಇನ್ನೊಂದರದು ಇದ್ದರೆ ಎಣ್ಣೆಯ ಲೆಕ್ಕವೇ ತಪ್ಪುತ್ತದೆ.

ಆಮೇಲೆ ಎಲ್ಲ ಬಿಚ್ಚಿ ತೊಳೆಯಿರಿ. ಬ್ಲಾಕಿನ ಆಯಿಲ್ ಗ್ಯಾಲರಿಯ ಪ್ಲಗ್ ತೆಗೆದು ಉದ್ದ ಬ್ರಷ್ ಹಾಕಿ ಉಜ್ಜಿ. ಕ್ರ್ಯಾಂಕಿನ ಒಳದಾರಿಗೂ ಹಾಗೇ. ಬೋರ್ ಮಾಡಿದ ಪುಡಿಗೆ ಬಿಸಿನೀರು ಸೋಪೇ ಸರಿ, ಬಿಳಿ ಬಟ್ಟೆ ಒರೆಸಿದರೆ ಬಿಳಿಯಾಗೇ ಬರಬೇಕು. ಒಣಗಿಸಿ ತಕ್ಷಣ ಎಣ್ಣೆ ಸವರಿ. ಕ್ಯಾಮ್ ಬೇರಿಂಗ್ ಹೊಸದಾಗಿ ಹಾಕಿಸಿದ್ದರೆ ಅದರ ತೂತು ಬ್ಲಾಕಿನ ಎಣ್ಣೆ ತೂತಿಗೆ ಎದುರಾಗಿದೆಯಾ ಅಂತ ತಂತಿ ಹಾಕಿ ನೋಡಿ. ರಾಕರ್‌ಗೆ ಎಣ್ಣೆ ಹೋಗುವುದು ಕ್ಯಾಮ್ ಬೇರಿಂಗ್ ಮೂಲಕವೇ.

ಬಿಗಿಯುವ ಅಳತೆ: ಮೇನ್ ಕ್ಯಾಪ್ 70 ಪೌಂಡ್-ಅಡಿ. ಬಿಗ್ ಎಂಡ್‌ಗೆ ಬೋಲ್ಟ್ ಆದರೆ 35ರಿಂದ 40, ಹನ್ನೆರಡು ಮೂಲೆಯ ನಟ್ ಆದರೆ 33. ರಾಡು ಯಾವ ಬಗೆ ಅಂತ ನೋಡಿಯೇ ಬಿಗಿಯಿರಿ. ಹೆಡ್ ನಟ್ 45ರಿಂದ 50, ಮೂರು ಹಂತದಲ್ಲಿ, ನಡುವಿನಿಂದ ಹೊರಗೆ. ರಾಕರ್ ಸ್ತಂಭ 25. ಬೇರೆ ಕಂಪನಿಯ ಬೋಲ್ಟು, ಸ್ಟಡ್ಡು ಹಾಕಿದ್ದರೆ ಅವರು ಹೇಳಿದ ಅಂಕಿಯೇ ಸರಿ.

ಟ್ಯಾಪೆಟ್ ಕ್ಲಿಯರೆನ್ಸ್ ತಣ್ಣಗಿರುವಾಗ 15 ಥೌ. ಒಂಬತ್ತರ ಲೆಕ್ಕ ಸುಲಭ: 1ನೇ ವಾಲ್ವ್ ಪೂರ್ತಿ ತೆರೆದಾಗ 8ನೆಯದು ಸೆಟ್ ಮಾಡಿ, 3 ತೆರೆದಾಗ 6. ಎರಡೂ ಕೂಡಿದರೆ 9 ಆಗಬೇಕು. ನಮ್ಮ ಅಂಬಾಸಿಡರ್ ಇಂಜಿನ್‌ಗೂ ಇದೇ ಲೆಕ್ಕ. ಫೈರಿಂಗ್ ಆರ್ಡರ್ 1-3-4-2.

ಮೊದಲ ಸ್ಟಾರ್ಟು

ಆಯಿಲ್ ಪಂಪಿನೊಳಗೆ ಎಣ್ಣೆ ತುಂಬಿಸಿಯೇ ಕೂರಿಸಿ. ಪ್ಲಗ್ ಬಿಚ್ಚಿ, ಗೇಜಿನಲ್ಲಿ ಪ್ರೆಷರ್ ಬರುವ ತನಕ ಸ್ಟಾರ್ಟರ್‌ನಲ್ಲಿ ತಿರುಗಿಸಿ. ಕೂಲಂಟ್, ಪೆಟ್ರೋಲ್, ಟೈಮಿಂಗ್ ಎಲ್ಲ ಮೊದಲೇ ಸಿದ್ಧ ಇರಲಿ, ಯಾಕಂದ್ರೆ ಹೊಸ ಕ್ಯಾಮ್ ಹಾಕಿದ ಇಂಜಿನ್ ಹತ್ತಿದ ಮೇಲೆ ಐಡಲ್‌ನಲ್ಲಿ ಬಿಡುವ ಹಾಗಿಲ್ಲ. ನೇರವಾಗಿ 2000ದಿಂದ 2500 ಆರ್‌ಪಿಎಂ, 20 ನಿಮಿಷ. ಕ್ಯಾಮಿಗೂ ಟ್ಯಾಪೆಟ್ಟಿಗೂ ಎಣ್ಣೆ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ಚಿಮ್ಮಿಸಿದಾಗ, ಐಡಲ್‌ನಲ್ಲಿ ಅಷ್ಟು ಚಿಮ್ಮುವುದಿಲ್ಲ. ಸತುವಿನ ಅಂಶ ಇರುವ, ಹಳೇ ಕಾರಿಗೆ ಅಂತಲೇ ಮಾಡಿದ 20ಡಬ್ಲ್ಯು-50 ಎಣ್ಣೆ ಹಾಕಿ. ಒಬ್ಬರು ಗೇಜ್ ನೋಡಲಿ, ಇನ್ನೊಬ್ಬರು ಸೋರಿಕೆ ನೋಡಲಿ. ಬಿಸಿಯಾದ ಮೇಲೆ ಓಡುವಾಗ 50ರಿಂದ 80 ಪಿಎಸ್‌ಐ, ಐಡಲ್‌ನಲ್ಲಿ 10ರಿಂದ 25 ಬರಬೇಕು.

ತಣ್ಣಗಾದ ಮೇಲೆ ಹೆಡ್ ನಟ್ ಮತ್ತೆ ಟಾರ್ಕ್ ಮಾಡಿ, ಟ್ಯಾಪೆಟ್ ಮತ್ತೆ ನೋಡಿ, ಎಣ್ಣೆ ಮತ್ತು ಫಿಲ್ಟರ್ ಬದಲಿಸಿ. ಮೊದಲ 500 ಮೈಲಿ ಒಂದೇ ವೇಗದಲ್ಲಿ ಎಳೆಯಬೇಡಿ. ಏರಿಳಿಸುತ್ತಾ, ಮಧ್ಯಮ ಭಾರ ಕೊಟ್ಟು ಓಡಿಸಿ, ರಿಂಗ್ ಕೂರುವುದು ಹಾಗೆ. 500 ಮೈಲಿ ಆದ ಮೇಲೆ ಮತ್ತೊಮ್ಮೆ ಎಣ್ಣೆ, ಟ್ಯಾಪೆಟ್, ಹೆಡ್ ನಟ್, ಜೊತೆಗೆ ನಾಲ್ಕೂ ಸಿಲಿಂಡರ್‌ನ ಕಂಪ್ರೆಷನ್ ಟೆಸ್ಟ್. ಬಂದ ಅಂಕಿಗಳನ್ನು ಬರೆದಿಡಿ. ಅದೇ ಪುಸ್ತಕದಲ್ಲಿ ಬ್ಲಾಕ್ ಯಾವುದು, ಕ್ರ್ಯಾಂಕ್ ಎಷ್ಟು ಅಂಡರ್‌ಸೈಜ್, ರಾಡು ಯಾವ ಬಗೆ, ಪಿಸ್ಟನ್ ಯಾವ ಕಂಪನಿ, ಚೇಂಬರ್ ಎಷ್ಟು ಸಿಸಿ, ಫ್ಲೈವೀಲು ಯಾವ ವರ್ಷದ್ದು, ನೀವು ಹಾಕಿದ ಟಿಡಿಸಿ ಗೀಟು ಎಲ್ಲಿದೆ ಅಂತ ಎಲ್ಲ ಬರೆದು, ಒಂದು ಪ್ರತಿ ಕಾರಿನಲ್ಲೇ ಇಡಿ. ಮುಂದೆ ಬೇರಿಂಗ್ ತರಿಸುವವರು ನೀವಾಗಲಿ ಬೇರೆಯವರಾಗಲಿ, ಆ ಹಾಳೆ ಒಂದಿದ್ದರೆ ಸಂಪು ಬಿಚ್ಚದೆಯೇ ಸರಿಯಾದ ಸೈಜ್ ಆರ್ಡರ್ ಮಾಡಬಹುದು.